ಕ್ಷಮೆಯೂ ಕರ್ಮವೂ: ‘ಕಳೆದುಹೋಗದ ರಕ್ಷಣೆ’ ಎಂಬ ನಂಬಿಕೆಯ ಪರಾಮರ್ಶೆ

ಭಾದ್ರಪದ ಶುಕ್ಲ ಪಂಚಮಿಯಂದು ಜಿನಮಂದಿರಗಳಲ್ಲಿ ದಶಲಕ್ಷಣ ಪರ್ವ ಆರಂಭವಾಗುತ್ತದೆ. ಹತ್ತು ಧರ್ಮಗಳಲ್ಲಿ ಮೊದಲನೆಯದು ಉತ್ತಮ ಕ್ಷಮೆ. ಹರಿಹರದ ಆರೋಗ್ಯಮಾತೆಯ ಚರ್ಚಿನಲ್ಲಿ ಸೆಪ್ಟೆಂಬರ್ 8ರ ಉತ್ಸವ ನಡೆಯುವುದೂ ಹೆಚ್ಚುಕಡಿಮೆ ಅದೇ ಋತುವಿನಲ್ಲಿ. ದಾವಣಗೆರೆ, ಮಲೆಬೆನ್ನೂರು ಕಡೆಗಳಿಂದ ಮತಭೇದವಿಲ್ಲದೆ ಜನ ಅಲ್ಲಿಗೆ ಹರಕೆ ಹೊತ್ತು ಹೋಗುತ್ತಾರೆ. ಕ್ಷಮೆ ಎಂಬ ಪದ ಆ ದಿನಗಳಲ್ಲಿ ಎರಡು ಕಡೆಯೂ ಕಿವಿಗೆ ಬೀಳುತ್ತದೆ. ಪದ ಒಂದೇ ಆದುದರಿಂದ ಅರ್ಥವೂ ಒಂದೇ ಎಂದು ಭಾವಿಸುವವರು ಅನೇಕರು. ಕ್ರೈಸ್ತ ಶಾಲೆಗಳಲ್ಲಿ ಓದುವ ಜೈನ ಮಕ್ಕಳು ಮನೆಗೆ ಬಂದು ಕೇಳುವ ಒಂದು ಪ್ರಶ್ನೆ ಈ ಭಾವನೆಯನ್ನು ಅಲುಗಿಸಬಲ್ಲದು. ದೇವರು ಒಮ್ಮೆ ಕ್ಷಮಿಸಿದರೆ ಪಾಪವೆಲ್ಲ ತೀರಿತು ಎಂದು ಅವರಲ್ಲಿ ಹೇಳುತ್ತಾರೆ. ಜೈನಧರ್ಮದಲ್ಲಿ ಕ್ಷಮಿಸುವವರು ಯಾರೂ ಇಲ್ಲವೆ? ‘ಇಲ್ಲ, ಮಾಡಿದ್ದುಣ್ಣೋ ಮಹಾರಾಯ’ ಎಂದು ಹಿರಿಯರು ಉತ್ತರಿಸಿ ಮಾತು ಮುಗಿಸಿದರೆ ಮಗುವಿಗೆ ಕ್ರೈಸ್ತಧರ್ಮವೂ ತಿಳಿಯುವುದಿಲ್ಲ, ಜೈನಧರ್ಮವೂ ತಿಳಿಯುವುದಿಲ್ಲ.

ಪರಾಮರ್ಶೆಗೆ ತೊಡಗುವ ಮೊದಲು ನಂಬಿಕೆ ಏನೆಂಬುದನ್ನು ಅದನ್ನು ನಂಬುವವರು ಒಪ್ಪುವ ರೀತಿಯಲ್ಲಿ ಹೇಳುವುದು ಅನೇಕಾಂತದ ಕನಿಷ್ಠ ಮರ್ಯಾದೆ. ಮನುಷ್ಯನು ತನ್ನ ಸತ್ಕಾರ್ಯಗಳಿಂದ ದೇವರ ಮುಂದೆ ನಿರ್ದೋಷಿಯಾಗಲಾರ. ಯೇಸುವಿನ ಶಿಲುಬೆಯ ಮರಣ ಆ ದೋಷಕ್ಕೆ ಸಲ್ಲಬೇಕಾದುದನ್ನು ಸಲ್ಲಿಸಿದೆ. ಅದನ್ನು ವಿಶ್ವಾಸದಿಂದ ಸ್ವೀಕರಿಸಿದವನಿಗೆ ರಕ್ಷಣೆ ದಾನವಾಗಿ ದೊರೆಯುತ್ತದೆ, ಅದು ಕೂಲಿಯಲ್ಲ. ಇಷ್ಟು ಭಾಗ, ವಿವರಣೆಯಲ್ಲಿ ಭೇದಗಳಿದ್ದರೂ, ಕ್ರೈಸ್ತ ಪಂಥಗಳಿಗೆಲ್ಲ ಬಹುಮಟ್ಟಿಗೆ ಸಮಾನ. ಇದರ ಮೇಲೆ ಕೆಲವು ಪಂಥಗಳು ಇನ್ನೊಂದು ಹೆಜ್ಜೆ ಇಡುತ್ತವೆ. ಹಾಗೆ ದೊರೆತ ರಕ್ಷಣೆ ಮುಂದೆ ಎಂದೂ ಕಳೆದುಹೋಗುವುದಿಲ್ಲ. ಹಿಂದಿನ ಪಾಪಗಳಂತೆ ಮುಂದಿನ ಪಾಪಗಳಿಗೂ ಕ್ಷಮೆ ಸಂದಾಯವಾಗಿಯೇ ಇದೆ ಎಂಬುದು ಅದು. ಇಲ್ಲಿ ಪರಿಶೀಲನೆಗೆ ಎತ್ತಿಕೊಂಡಿರುವುದು ಮುಖ್ಯವಾಗಿ ಈ ಎರಡನೆಯ ಹೆಜ್ಜೆ.

ಇದು ಕ್ರೈಸ್ತರೆಲ್ಲರ ಮತವೆಂದು ತಿಳಿಯುವುದು ದೊಡ್ಡ ತಪ್ಪು. ಹರಿಹರದ ಚರ್ಚು ಸೇರಿದ ಕ್ಯಾಥೊಲಿಕ್ ಸಭೆ ಇದನ್ನು ಒಪ್ಪುವುದಿಲ್ಲ. 1547ರಲ್ಲಿ ಟ್ರೆಂಟ್ ಪರಿಷತ್ತು ಹೊರಡಿಸಿದ ನಿರ್ಣಯದ ಪ್ರಕಾರ ಘೋರಪಾಪದಿಂದ ಕೃಪಾಸ್ಥಿತಿ ನಷ್ಟವಾಗುತ್ತದೆ, ಪಾಪನಿವೇದನೆಯ ಸಂಸ್ಕಾರದಿಂದ ಮತ್ತೆ ಲಭಿಸುತ್ತದೆ. ವಿಶೇಷ ದೈವಪ್ರಕಟಣೆಯಿಲ್ಲದೆ ಯಾರೂ ತಮ್ಮ ಅಂತಿಮ ಗತಿಯ ಬಗ್ಗೆ ನಿಶ್ಚಿತರಾಗಿರಲಾಗದು. ಹಿಂದಿನ ಮೈಸೂರು ಸಂಸ್ಥಾನದಲ್ಲಿ ಶಾಲೆ, ಆಸ್ಪತ್ರೆ, ಮುದ್ರಣಾಲಯಗಳನ್ನು ನಡೆಸಿದ ವೆಸ್ಲಿಯನ್ ಮಿಷನ್ನಿನ ಮೂಲಪುರುಷ ಜಾನ್ ವೆಸ್ಲಿಯೂ ವಿಶ್ವಾಸಿಯು ಕೃಪೆಯಿಂದ ಜಾರಬಲ್ಲನೆಂದು ವಾದಿಸಿದವನೇ. ‘ಕಳೆದುಹೋಗದ ರಕ್ಷಣೆ’ಯ ಸಿದ್ಧಾಂತ ಖಚಿತ ರೂಪ ಪಡೆದದ್ದು ಹಾಲೆಂಡಿನಲ್ಲಿ. ಅರ್ಮಿನಿಯಸ್ 1609ರಲ್ಲಿ ತೀರಿಕೊಂಡ ಮೇಲೆ ಅವನ ಅನುಯಾಯಿಗಳು ಎತ್ತಿದ ಸಂದೇಹಗಳಿಗೆ ಉತ್ತರವಾಗಿ ಡೋರ್ಟ್ ನಗರದಲ್ಲಿ 1618–19ರಲ್ಲಿ ಸೇರಿದ ಸಭೆ, ದೇವರು ಆರಿಸಿಕೊಂಡವರು ಕೊನೆಯವರೆಗೂ ಉಳಿಯುವರೆಂದು ತೀರ್ಮಾನಿಸಿತು. ಕ್ಯಾಲ್ವಿನನ ಪರಂಪರೆಯ ಸಭೆಗಳು, ಬ್ಯಾಪ್ಟಿಸ್ಟರಲ್ಲಿ ಹೆಚ್ಚಿನವರು, ಈಚಿನ ಹಲವು ಸ್ವತಂತ್ರ ಪ್ರಾರ್ಥನಾಸಭೆಗಳು ಇದನ್ನು ಹಿಡಿದಿವೆ.

ಈ ಸಿದ್ಧಾಂತ ಹುಟ್ಟಿದ್ದು ಸೋಮಾರಿತನದಿಂದಲ್ಲ ಎಂಬುದನ್ನೂ ಹೇಳಬೇಕು. ಮಾರ್ಟಿನ್ ಲೂಥರ್ ಮಠದಲ್ಲಿದ್ದಾಗ ಉಪವಾಸ, ಜಾಗರಣೆ, ಮೇಲಿಂದ ಮೇಲೆ ಪಾಪನಿವೇದನೆ ಇವೆಲ್ಲವನ್ನೂ ಮಾಡಿ, ಸಾಕಷ್ಟು ಮಾಡಿದೆನೋ ಇಲ್ಲವೋ ಎಂಬ ಅಳುಕಿನಿಂದ ಬೆಂದವನು. ತನ್ನ ಶುದ್ಧಿಯನ್ನು ತಾನೇ ತೂಗಿ ನೋಡುವವನಿಗೆ ತಕ್ಕಡಿ ಎಂದೂ ನಿಲ್ಲುವುದಿಲ್ಲ. ಆ ಮಾನಸಿಕ ಹಿಂಸೆಗೆ ಕೃಪೆ ಎಂಬ ಮಾತು ಮದ್ದಾಯಿತು. ಕುಡಿತ ಬಿಟ್ಟವನು, ಸೆರೆಮನೆಯಿಂದ ಹೊರಬಂದವನು, ಮನೆಯವರಿಂದ ತಿರಸ್ಕೃತಳಾದ ಹೆಣ್ಣು, ಇಂಥವರು ‘ನೀನು ಸ್ವೀಕೃತನಾಗಿದ್ದೀಯೆ’ ಎಂಬ ಒಂದು ಮಾತಿನಿಂದ ಎದ್ದು ನಿಂತ ಉದಾಹರಣೆಗಳು ಎಲ್ಲ ದೇಶಗಳಲ್ಲೂ ಇವೆ. ಹೀಗೆ ಎದ್ದು ನಿಂತವನ ಎದುರಿಗೆ ಕರ್ಮಸಿದ್ಧಾಂತವನ್ನು ಕೋಲಿನಂತೆ ಬೀಸುವುದು ಜೈನನಿಗೆ ಶೋಭೆಯಲ್ಲ.

ಭೇದದ ಮೂಲ ‘ಪಾಪ’ ಎಂಬ ಶಬ್ದದಲ್ಲಿಯೇ ಇದೆ. 1830ರ ಸುಮಾರಿಗೆ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮೊದಲಾದವರು ಬೈಬಲ್ಲನ್ನು ಕನ್ನಡಕ್ಕೆ ತಂದ ಕಾಲದಿಂದ ಮೊದಲ್ಗೊಂಡು, ಯೇಸುವಿನ ಚರಿತೆಯನ್ನು ಕನ್ನಡ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ 1862ರಲ್ಲಿ ಪ್ರಕಟಿಸಿದ ಕಿಟ್ಟೆಲ್ಲರವರೆಗೆ, ಕ್ರೈಸ್ತ ಬರಹಗಾರರು ಈ ನೆಲದಲ್ಲಿ ಬಳಕೆಯಲ್ಲಿದ್ದ ಪಾಪ, ಕೃಪೆ, ಕ್ಷಮೆ, ರಕ್ಷಣೆ ಎಂಬಂಥ ಪದಗಳನ್ನೇ ಎತ್ತಿಕೊಳ್ಳಬೇಕಾಯಿತು. ಬೇರೆ ದಾರಿಯೂ ಇರಲಿಲ್ಲ. ಆದರೆ ಪದದೊಂದಿಗೆ ಅದರ ಹಳೆಯ ವಾಸನೆಯೂ ಬಂತು. ಜೈನಾಗಮದಲ್ಲಿ ಪಾಪವೆಂದರೆ ಕಷಾಯವಶನಾದ ಜೀವನಿಗೆ ಅಂಟುವ ಪುದ್ಗಲ. ಅದಕ್ಕೆ ಪ್ರಕೃತಿ, ಸ್ಥಿತಿ, ಅನುಭಾಗ, ಪ್ರದೇಶಗಳೆಂಬ ಲೆಕ್ಕವಿದೆ. ಕ್ರೈಸ್ತರಲ್ಲಿ ಪಾಪವೆಂದರೆ ಮೊದಲಾಗಿ ದೇವರೊಡನೆ ಕೆಟ್ಟ ಸಂಬಂಧ. ಅದನ್ನು ಯೇಸುವಿನ ದೃಷ್ಟಾಂತಗಳು ಹಲವು ಕಡೆ ಸಾಲಕ್ಕೆ ಹೋಲಿಸುತ್ತವೆ. ಸಾಲವನ್ನು ಸಾಲಿಗ ಮನ್ನಾ ಮಾಡಬಹುದು. ಹೊಟ್ಟೆಗೆ ಹೋದ ವಿಷವನ್ನು ಯಾರು ಮನ್ನಾ ಮಾಡಬೇಕು? ವಿಷಕ್ಕೆ ಬೇಕಾದುದು ವಮನ, ಔಷಧ, ಪಥ್ಯ. ಒಬ್ಬರು ಸಾಲವೆಂದೂ ಇನ್ನೊಬ್ಬರು ವಿಷವೆಂದೂ ತಿಳಿದು ಒಂದೇ ಶಬ್ದವನ್ನು ಆಡಿದರೆ ವಾದ ಎಷ್ಟು ವರ್ಷ ನಡೆದರೂ ಒಬ್ಬರ ಮಾತು ಇನ್ನೊಬ್ಬರಿಗೆ ತಲುಪುವುದಿಲ್ಲ.

ಸಾಲದ ಹೋಲಿಕೆಯನ್ನೇ ಒಪ್ಪಿಕೊಂಡು ನೋಡಿದರೂ ಸಿದ್ಧಾಂತಕ್ಕೆ ತೊಡಕಿದೆ; ಆ ತೊಡಕು ಬರುವುದು ಬೈಬಲ್ಲಿನಿಂದಲೇ. ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಅರಸನೊಬ್ಬ ತನ್ನ ಸೇವಕನ ಹತ್ತು ಸಾವಿರ ತಲಾಂತುಗಳ ಸಾಲವನ್ನು ಮನ್ನಾ ಮಾಡುತ್ತಾನೆ. ಒಂದು ತಲಾಂತು ಕೂಲಿಯವನ ಸುಮಾರು ಆರು ಸಾವಿರ ದಿನಗಳ ದುಡಿಮೆ. ಹೊರಗೆ ಬಂದ ಆ ಸೇವಕ ತನಗೆ ನೂರು ದಿನದ ಕೂಲಿಯಷ್ಟು ಕೊಡಬೇಕಾಗಿದ್ದ ಜೊತೆಗಾರನ ಕುತ್ತಿಗೆ ಹಿಡಿಯುತ್ತಾನೆ, ಸೆರೆಗೆ ಹಾಕಿಸುತ್ತಾನೆ. ಅರಸನಿಗೆ ಸುದ್ದಿ ಮುಟ್ಟುತ್ತದೆ. ಮನ್ನಾ ರದ್ದಾಗುತ್ತದೆ, ಇಡೀ ಸಾಲ ಮರಳಿ ತಲೆಯ ಮೇಲೆ ಬೀಳುತ್ತದೆ. ಕ್ಷಮೆ ಶಾಶ್ವತವೆನ್ನುವವರಿಗೆ ಇದಕ್ಕಿಂತ ಕಠಿಣವಾದ ದೃಷ್ಟಾಂತ ಬೇರೊಂದಿಲ್ಲ. ಸ್ವೀಕರಿಸಿದ ಕ್ಷಮೆ ಒಳಗೆ ಇಳಿದು ಮನಸ್ಸನ್ನು ಬದಲಿಸದಿದ್ದರೆ ಅದು ಕ್ಷಮೆಯಾಗಿ ಉಳಿಯುವುದಿಲ್ಲ ಎಂಬ ಧ್ವನಿ ಇಲ್ಲಿ ಸ್ಪಷ್ಟ. ಇಬ್ರಿಯರಿಗೆ ಬರೆದ ಪತ್ರದ 6ನೆಯ ಅಧ್ಯಾಯದಲ್ಲಿಯೂ ಬೆಳಕನ್ನು ಕಂಡು ಮತ್ತೆ ಬಿದ್ದವರ ಬಗ್ಗೆ ಉಗ್ರವಾದ ಎಚ್ಚರಿಕೆ ಇದೆ. ಮತ್ತೊಂದು ಕಡೆ ಯೋಹಾನನ ಸುವಾರ್ತೆಯ 10ನೆಯ ಅಧ್ಯಾಯವೂ ರೋಮನರಿಗೆ ಬರೆದ ಪತ್ರದ 8ನೆಯ ಅಧ್ಯಾಯವೂ ದೇವರ ಕೈಯಿಂದ ಭಕ್ತನನ್ನು ಯಾರೂ ಕಿತ್ತುಕೊಳ್ಳಲಾರರೆಂದು ಭರವಸೆ ಕೊಡುತ್ತವೆ. ಎರಡನ್ನೂ ಒಂದೇ ಗ್ರಂಥ ಹೇಳುತ್ತದೆ. ಒಂದನ್ನು ಎತ್ತಿ ಹಿಡಿದು ಇನ್ನೊಂದಕ್ಕೆ ವ್ಯಾಖ್ಯಾನದ ಮುಸುಕು ಹಾಕಿದ್ದು ಪಂಥಗಳ ಕೆಲಸ.

2018ರಲ್ಲಿ ಕರ್ನಾಟಕದಲ್ಲಿ ಬೆಳೆಸಾಲ ಮನ್ನಾ ಘೋಷಣೆಯಾದಾಗ ಭದ್ರಾ ನಾಲೆಯ ಬಯಲಿನಲ್ಲಿ ನಡೆದ ಚರ್ಚೆಗಳನ್ನು ಊಹಿಸುವುದು ಕಷ್ಟವಲ್ಲ. ಮನ್ನಾ ಬೇಡವೆನ್ನುವ ರೈತ ಇರಲಾರ. ಆದರೆ ಹೆಂಡತಿಯ ಒಡವೆ ಅಡವಿಟ್ಟು ಗಡುವಿನೊಳಗೆ ಕಂತು ಕಟ್ಟಿದವನ ಮುಖ ಆ ದಿನ ಹೇಗಿದ್ದಿರಬೇಕು? ದಾರಿತಪ್ಪಿ ಮರಳಿದ ಮಗನ ದೃಷ್ಟಾಂತದಲ್ಲಿ ಅಂಗಳದಲ್ಲೇ ನಿಂತು ಮುನಿಸಿಕೊಂಡ ಹಿರಿಯ ಮಗ ಅವನೇ. ಈ ಹೋಲಿಕೆಯಲ್ಲಿ ಇನ್ನೂ ಒಂದು ವ್ಯತ್ಯಾಸವಿದೆ. ಬ್ಯಾಂಕಿನ ಸಾಲವನ್ನು ಮನ್ನಾ ಮಾಡಿದರೆ ಅದರ ಹೊರೆಯನ್ನು ಸರ್ಕಾರದ ಬೊಕ್ಕಸ ಹೊರುತ್ತದೆ. ಒಬ್ಬನು ನೆರೆಯವನ ಗದ್ದೆಯ ಬದುವನ್ನು ಒತ್ತಿ, ತಂಗಿಯ ಪಾಲನ್ನು ನುಂಗಿ, ತೂಕದಲ್ಲಿ ಮೋಸಮಾಡಿ, ಆಮೇಲೆ ದೇವರ ಮುಂದೆ ಅತ್ತು ಕ್ಷಮೆ ಪಡೆದರೆ ಹೊರೆ ಯಾರ ಮೇಲೆ ಉಳಿಯಿತು? ಬದು ಕಳೆದುಕೊಂಡವನ ಮೇಲೆ, ಪಾಲು ಕಳೆದುಕೊಂಡ ತಂಗಿಯ ಮೇಲೆ. ಶಾಶ್ವತ ಕ್ಷಮೆಯ ಸಿದ್ಧಾಂತದ ದುರ್ಬಲ ಸ್ಥಾನ ಇದು. ಪಾಪವೆಲ್ಲ ಅಂತಿಮವಾಗಿ ದೇವರಿಗೆ ಎಸಗಿದ್ದು ಎಂದ ಕೂಡಲೇ ನೋವುಂಡ ಮನುಷ್ಯ ಹಿನ್ನೆಲೆಗೆ ಸರಿಯುತ್ತಾನೆ. ಯೇಸು ಇದನ್ನು ಅರಿಯದವನಲ್ಲ. ಬಲಿಪೀಠದ ಮುಂದೆ ಕಾಣಿಕೆ ಹಿಡಿದು ನಿಂತಾಗ ನೊಂದ ಸಹೋದರನ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನೊಡನೆ ಒಂದಾಗಿ ಬಾ ಎಂಬ ಉಪದೇಶ ಅವನದೇ. ಸುಂಕದ ಜಕ್ಕಾಯನು ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕು ಪಟ್ಟು ಹಿಂದಿರುಗಿಸುವೆನೆಂದ ಮೇಲೆಯೇ ಆ ಮನೆಗೆ ರಕ್ಷಣೆ ಬಂದಿತೆಂದು ಯೇಸು ಹೇಳಿದ್ದು. ಸಿದ್ಧಾಂತಿಗಳ ಸೂತ್ರಕ್ಕಿಂತ ಸುವಾರ್ತೆಯ ಕಥೆಗಳು ನೀತಿಯಲ್ಲಿ ಎಷ್ಟೋ ಬಿಗಿಯಾಗಿವೆ.

ಇನ್ನೊಂದು ಆಕ್ಷೇಪ ತರ್ಕಕ್ಕೆ ಸಂಬಂಧಿಸಿದ್ದು. ರಕ್ಷಣೆ ಪಡೆದೆನೆಂದವನು ಮುಂದೆ ದುರಾಚಾರಿಯಾಗಿ, ಹಾಗೆಯೇ ಸತ್ತರೆ ಏನು? ಡೋರ್ಟ್ ಪರಂಪರೆಯವರ ಉತ್ತರ, ಅವನಲ್ಲಿ ನಿಜವಾದ ವಿಶ್ವಾಸ ಮೊದಲೇ ಇರಲಿಲ್ಲ ಎಂಬುದು. ಹಾಗಾದರೆ ಇಂದು ವಿಶ್ವಾಸವಿದೆಯೆನ್ನುವವನಿಗೆ ಅದು ನಿಜವಾದುದೆಂಬ ಖಾತರಿ ಎಲ್ಲಿಂದ? ಕೊನೆಯ ಉಸಿರಿನವರೆಗೆ ಕಾಯಬೇಕು. ಅಭಯ ಕೊಡಲು ಬಂದ ಸಿದ್ಧಾಂತ ಲೂಥರನ ಹಳೆಯ ಅಳುಕನ್ನೇ ಹಿಂಬಾಗಿಲಿನಿಂದ ಒಳಗೆ ಕರೆದಂತಾಯಿತು. ಇದನ್ನು ತಪ್ಪಿಸಲು ಈಚಿನ ಕೆಲವರು, ಒಮ್ಮೆ ನಂಬಿದವನು ಆಮೇಲೆ ನಂಬಿಕೆಯನ್ನೇ ಬಿಟ್ಟರೂ ರಕ್ಷಿತನೇ ಎಂದುಬಿಟ್ಟಿದ್ದಾರೆ. ಖಾತರಿಯೇನೋ ಸಿಕ್ಕಿತು, ಆದರೆ ಶೀಲಕ್ಕೂ ಗತಿಗೂ ಇದ್ದ ಸಂಬಂಧ ಹರಿದುಹೋಯಿತು. ಜರ್ಮನಿಯ ಬೋನ್ಹಾಫರ್ ಎಂಬ ಲೂಥರನ್ ಪಾದ್ರಿ 1937ರ ತನ್ನ ಗ್ರಂಥದಲ್ಲಿ ಇದನ್ನೇ ಅಗ್ಗದ ಕೃಪೆಯೆಂದು ಖಂಡಿಸಿದ. ಹಿಟ್ಲರನ ಆಡಳಿತವನ್ನು ಎದುರಿಸಿ 1945ರಲ್ಲಿ ಗಲ್ಲಿಗೇರಿದ. ಹೊರಗಿನವರ ಟೀಕೆಗಿಂತ ಅವನ ಟೀಕೆ ತೀಕ್ಷ್ಣವಾಗಿದೆ.

ಈಗ ಕನ್ನಡಿಯನ್ನು ಇತ್ತ ತಿರುಗಿಸಬೇಕು. ಕೃಪೆಯ ಅತ್ತ ತುದಿಗೆ ಪ್ರತಿಯಾಗಿ ಇತ್ತ ತುದಿಯಲ್ಲಿ ಜನ್ನನ ‘ಯಶೋಧರ ಚರಿತೆ’ ನಿಂತಿದೆ. 1209ರ ಆ ಕಾವ್ಯದಲ್ಲಿ ತಾಯಿ ಮಗ ಇಬ್ಬರೂ ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಪ್ರಾಣವಿಲ್ಲದ ಆ ಕೋಳಿಯ ಮೇಲೆ ಎಸಗಿದ ಸಂಕಲ್ಪಹಿಂಸೆ ಅವರನ್ನು ನವಿಲು, ನಾಯಿ ಮೊದಲಾದ ಜನ್ಮಗಳಲ್ಲಿ ಅಲೆಸುತ್ತದೆ. ಇದನ್ನು ಓದಿದ ಕ್ರೈಸ್ತ ವಿಮರ್ಶಕನು ಜೈನಧರ್ಮದಲ್ಲಿ ದಯೆ ಪ್ರಾಣಿಗಳಿಗಷ್ಟೇ, ತಪ್ಪಿದ ಮನುಷ್ಯನಿಗಿಲ್ಲ ಎಂದರೆ ಥಟ್ಟನೆ ಉತ್ತರ ಕೊಡುವುದು ಸುಲಭವಲ್ಲ. ಉತ್ತರ ಕರ್ಮಶಾಸ್ತ್ರದಲ್ಲಿದೆ, ದುರ್ದೈವವೆಂದರೆ ಅದನ್ನು ಇಂದು ಓದುವವರು ಕಡಿಮೆ. ಬಂಧವಾದ ಕರ್ಮ ಕಲ್ಲಿನ ಗೆರೆಯಲ್ಲ. ಹತ್ತು ಕರಣಗಳಲ್ಲಿ ಅಪಕರ್ಷಣೆಯಿಂದ ಅದರ ಸ್ಥಿತಿ, ಅನುಭಾಗಗಳು ತಗ್ಗುತ್ತವೆ, ಸಂಕ್ರಮಣದಿಂದ ಪ್ರಕೃತಿ ಬದಲಾಗುತ್ತದೆ, ಉದೀರಣೆಯಿಂದ ಕಾಲಕ್ಕೆ ಮೊದಲೇ ಉದಯಕ್ಕೆ ಬಂದು ತೀರುತ್ತದೆ. ನಿಕಾಚಿತವಾದದ್ದು ಮಾತ್ರ ಈ ಮಾರ್ಪಾಡುಗಳಿಗೆ ಜಗ್ಗದು. ಮಾಡಿದ್ದನ್ನು ಮಾಡಿದಷ್ಟೇ ಉಣ್ಣಬೇಕೆಂಬುದು ಗಾದೆ, ಸಿದ್ಧಾಂತವಲ್ಲ.

‘ಕಳೆದುಹೋಗದ ರಕ್ಷಣೆ’ಗೆ ಸಮೀಪವಾದ ಮಾತೂ ಜೈನಾಗಮದಲ್ಲಿ ಇಲ್ಲದಿಲ್ಲ. ಒಮ್ಮೆ ಸಮ್ಯಗ್ದರ್ಶನ ಸ್ಪರ್ಶಿಸಿದ ಜೀವ, ಮುಂದೆ ಮಿಥ್ಯಾತ್ವಕ್ಕೆ ಜಾರಿದರೂ, ಅರ್ಧಪುದ್ಗಲ ಪರಾವರ್ತನ ಕಾಲದೊಳಗೆ ಮುಕ್ತವಾಗಲೇಬೇಕು. ಕ್ಷಾಯಿಕ ಸಮ್ಯಕ್ತ್ವವಂತೂ ಬಂದ ಮೇಲೆ ಹೋಗುವುದೇ ಇಲ್ಲ. ಅಂಥವನು ಹೆಚ್ಚೆಂದರೆ ನಾಲ್ಕನೆಯ ಭವದಲ್ಲಿ ಮೋಕ್ಷಗಾಮಿ. ಹಾಗೆಯೇ ಎಂದೂ ಮುಕ್ತಿ ಕಾಣದ ಅಭವ್ಯ ಜೀವಗಳೂ ಉಂಟೆಂದು ಶಾಸ್ತ್ರ ಹೇಳುತ್ತದೆ. ಕ್ಯಾಲ್ವಿನನ ‘ಆರಿಸಲ್ಪಟ್ಟವರು’ ಎಂಬ ಮಾತನ್ನು ಕೇಳಿ ಹುಬ್ಬೇರಿಸುವ ಜೈನ ಪಂಡಿತ ಈ ಭವ್ಯಾಭವ್ಯ ವಿಭಾಗದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕಾಗುತ್ತದೆ. ಆರಿಸುವ ದೇವರು ಇಲ್ಲಿಲ್ಲ ಎಂಬುದು ನಿಜ. ಅಭವ್ಯನ ಪಾಲಿಗೆ ಅದರಿಂದ ಏನೂ ಹೆಚ್ಚು ಕಡಿಮೆಯಾಗದು.

ಆದರೂ ಎರಡು ಭರವಸೆಗಳು ಒಂದೇ ಅಲ್ಲ ಎಂಬುದಕ್ಕೆ ಶ್ರೇಣಿಕ ಮಹಾರಾಜನ ವೃತ್ತಾಂತ ಸಾಕ್ಷಿ. ಧ್ಯಾನಸ್ಥರಾದ ಯಶೋಧರ ಮುನಿಗಳ ಕೊರಳಿಗೆ (ಜನ್ನನ ನಾಯಕನಿಗೂ ಇವರಿಗೂ ಹೆಸರಷ್ಟೇ ಒಂದು) ಸತ್ತ ಹಾವನ್ನು ಹಾಕಿದಾಗ ಅವನಿಗೆ ಏಳನೆಯ ನರಕದ ಮೂವತ್ತಮೂರು ಸಾಗರೋಪಮದ ಆಯುಷ್ಯ ಬಂಧವಾಯಿತು. ಆಮೇಲೆ ರಾಣಿ ಚೇಲನೆಯ ಸಂಗದಿಂದ ಅವನ ದೃಷ್ಟಿ ತಿರುಗಿತು. ವರ್ಧಮಾನ ಸ್ವಾಮಿಯ ಸಮವಸರಣದಲ್ಲಿ ಕ್ಷಾಯಿಕ ಸಮ್ಯಕ್ತ್ವ ಲಭಿಸಿತು. ತೀರ್ಥಂಕರ ನಾಮಕರ್ಮವೂ ಕಟ್ಟಿತು. ಮುಂದಿನ ಉತ್ಸರ್ಪಿಣಿಯ ಮೊದಲ ತೀರ್ಥಂಕರನಾಗುವವನು ಅವನೇ. ನರಕದ ಆಯುಷ್ಯ ಮೊದಲ ನರಕದ 84,000 ವರ್ಷಗಳಿಗೆ ಇಳಿಯಿತು. ಇಳಿಯಿತು, ಅಳಿಯಲಿಲ್ಲ. ಸ್ವತಃ ಭಗವಂತನ ಸಭೆಯಲ್ಲಿ ಪ್ರಶ್ನೆ ಕೇಳುತ್ತ ಕುಳಿತವನು, ಮುಕ್ತಿ ನಿಶ್ಚಿತವಾದವನು, ಈ ಹೊತ್ತು ನರಕದಲ್ಲಿದ್ದಾನೆ! ಗತಿ ಭದ್ರವಾದ ಮಾತ್ರಕ್ಕೆ ಕೃತ್ಯದ ಫಲ ರದ್ದಾಗದು ಎಂಬ ಮಾತನ್ನು ಇದಕ್ಕಿಂತ ನಿರ್ದಾಕ್ಷಿಣ್ಯವಾಗಿ ಹೇಳಿದ ಕಥೆ ಬೇರೆ ಧರ್ಮಗಳಲ್ಲಿ ಸುಲಭವಾಗಿ ಸಿಗದು. ಅವನನ್ನು ಯಾರೂ ಅಲ್ಲಿಗೆ ಶಿಕ್ಷೆಯಾಗಿ ಕಳುಹಿಸಲಿಲ್ಲ. ಕೊರಳಿಗೆ ಹಾವು ಹಾಕಿಸಿಕೊಂಡ ಮುನಿಗಳಂತೂ ಅದೇ ಕ್ಷಣದಲ್ಲಿ ಕ್ಷಮಿಸಿದ್ದರು. ರಾಜನನ್ನೂ ರಾಣಿಯನ್ನೂ ಸಮವಾಗಿ ಹರಸಿದರು. ಅವರ ಕ್ಷಮೆ ಅವರ ಕರ್ಮಕ್ಕೆ ಸಂವರವಾಯಿತು. ಶ್ರೇಣಿಕನ ಕಣ್ಣು ತೆರೆಯಲು ಅದು ನಿಮಿತ್ತವೂ ಆಯಿತು. ಅವನ ಆಯುರ್ಬಂಧವನ್ನು ಮಾತ್ರ ಅದು ಕಳಚಲಾರದು.

ಶ್ವೇತಾಂಬರ ಕುಟುಂಬಗಳು ಸಂವತ್ಸರಿಯಂದು ‘ಮಿಚ್ಛಾಮಿ ದುಕ್ಕಡಂ’ ಎನ್ನುತ್ತವೆ. ಮಾಡಿದ ಕೇಡು ಮಿಥ್ಯೆಯಾಗಲಿ ಎಂದು ಅದರ ಅರ್ಥ. ಈಗ ಅದನ್ನು ಮೊಬೈಲಿನಲ್ಲಿ ಒಂದೇ ಬಾರಿಗೆ ಇನ್ನೂರು ಜನರಿಗೆ ಕಳುಹಿಸುವ ಅನುಕೂಲವಿದೆ, ನಿಜವಾಗಿ ನೋಯಿಸಿದ ಒಬ್ಬನನ್ನು ಬಿಟ್ಟು. ಆವಶ್ಯಕ ಸೂತ್ರದ ವ್ಯಾಖ್ಯಾನ ಪರಂಪರೆಯಲ್ಲಿ ಒಬ್ಬ ಕುಂಬಾರನ ಕಥೆಯಿದೆ. ಎಳೆಯ ಸಾಧುವೊಬ್ಬ ಹರಳು ಎಸೆದು ಅವನ ಮಡಕೆಗಳನ್ನು ಒಡೆಯುತ್ತಾನೆ, ಒಡೆದಾಗಲೆಲ್ಲ ಮಿಚ್ಛಾಮಿ ದುಕ್ಕಡಂ ಎನ್ನುತ್ತಾನೆ, ಮತ್ತೆ ಹರಳು ಎತ್ತಿಕೊಳ್ಳುತ್ತಾನೆ. ಕೊನೆಗೆ ಕುಂಬಾರ ಅವನ ಕಿವಿ ಹಿಂಡಿ ಮಿಚ್ಛಾಮಿ ದುಕ್ಕಡಂ ಎಂದು ತಾನೂ ಹೇಳಿ, ಮತ್ತೆ ಹಿಂಡುತ್ತಾನೆ. ಬೋನ್ಹಾಫರನು ಇಡೀ ಗ್ರಂಥದಲ್ಲಿ ವಾದಿಸಿದ್ದು ಈ ಕುಂಬಾರನಿಗೆ ಎರಡು ಬೆರಳಿನಲ್ಲಿ ಸಾಧ್ಯವಾಯಿತು.

ಬಸದಿಗಳ ಆಡಳಿತ ನೋಡುವವರು ಈ ಚರ್ಚೆಯಲ್ಲಿ ಗಮನಿಸಬೇಕಾದ ಭಾಗ ಇನ್ನೊಂದಿದೆ. ಲೂಥರ್ 1517ರಲ್ಲಿ ತನ್ನ ತೊಂಬತ್ತೈದು ಆಕ್ಷೇಪಗಳನ್ನು ಮುಂದಿಟ್ಟದ್ದು ಹಣಕ್ಕೆ ಮಾರಾಟವಾಗುತ್ತಿದ್ದ ಪಾಪವಿಮೋಚನಾ ಪತ್ರಗಳ ವಿರುದ್ಧ; ಆ ಹಣದ ಒಂದು ಪಾಲು ರೋಮಿನಲ್ಲಿ ಸಂತ ಪೇತ್ರನ ಮಹಾಮಂದಿರ ಕಟ್ಟುವುದಕ್ಕೆ ಹೋಗುತ್ತಿತ್ತು. ಮಂದಿರ ಭವ್ಯವಾಗಿ ಎದ್ದಿತು, ಸಭೆ ಎರಡಾಗಿ ಸೀಳಿತು. ಅಭಿಷೇಕದ ಕಲಶಗಳನ್ನು ಸವಾಲು ಹಾಕುವಾಗ, ದಾನಿಗಳ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತಿಸುವಾಗ, ಆ ಹಣ ಯಾವ ವ್ಯವಹಾರದಿಂದ ಬಂದಿತೆಂದು ಕೇಳುವ ಪದ್ಧತಿ ಎಷ್ಟು ಕಡೆ ಇದೆ? ಸಮ್ಮೇದ ಶಿಖರಜಿಯ ವಂದನೆ ಒಮ್ಮೆ ಮಾಡಿದರೆ ನರಕ, ತಿರ್ಯಂಚ ಗತಿಗಳಿಲ್ಲ ಎಂಬ ಮಾತು ಯಾತ್ರಿಕರ ಬಾಯಲ್ಲಿ ಸಾಮಾನ್ಯ. ಭಾವಶುದ್ಧಿಯಿಲ್ಲದೆ ಹೇಳಿದರೆ ಇದು ಡೋರ್ಟ್ ಸಭೆಯ ನಿರ್ಣಯಕ್ಕಿಂತಲೂ ಅಗ್ಗ. ಆ ಸಭೆಯಾದರೂ ವಿಶ್ವಾಸವನ್ನು ಕೇಳಿತ್ತು, ಇಲ್ಲಿ ರೈಲಿನ ಟಿಕೇಟು ಸಾಕು. ತತ್ತ್ವಾರ್ಥಸೂತ್ರ ಎಣಿಸುವ ಒಂಬತ್ತು ಪ್ರಾಯಶ್ಚಿತ್ತಗಳಲ್ಲಿ ಆಲೋಚನೆ, ಪ್ರತಿಕ್ರಮಣದಿಂದ ಹಿಡಿದು ಛೇದ, ಪರಿಹಾರ, ಉಪಸ್ಥಾಪನೆಗಳವರೆಗೆ ಇವೆ. ದಾನದ ಹೆಸರು ಆ ಪಟ್ಟಿಯಲ್ಲಿಲ್ಲ. ಛೇದವೆಂದರೆ ಸಾಧುವಿನ ದೀಕ್ಷಾಕಾಲದಿಂದ ದಿನಗಳನ್ನೋ ತಿಂಗಳುಗಳನ್ನೋ ಕಡಿದುಹಾಕುವುದು. ನಿನ್ನೆಯವರೆಗೆ ತನಗೆ ನಮಸ್ಕರಿಸುತ್ತಿದ್ದ ಕಿರಿಯನಿಗೆ ನಾಳೆಯಿಂದ ತಾನೇ ನಮಸ್ಕರಿಸಬೇಕು. ತಪ್ಪಿದವನನ್ನು ಸಂಘದಿಂದ ಹೊರಗೆ ಎಸೆಯುವುದೂ ಇಲ್ಲ, ಏನೂ ಆಗಲಿಲ್ಲವೆಂಬಂತೆ ಪೀಠದಲ್ಲಿ ಕೂರಿಸುವುದೂ ಇಲ್ಲ. ವಂಚನೆ ಎಸಗಿದ ಗೃಹಸ್ಥನ ವಿಷಯದಲ್ಲಿ ಇಂಥದೊಂದು ಮಧ್ಯಮ ಕ್ರಮ ಯಾವ ಟ್ರಸ್ಟಿನ ನಿಯಮಾವಳಿಯಲ್ಲಾದರೂ ಇದ್ದರೆ ಅದನ್ನು ಎತ್ತಿ ತೋರಿಸುವುದು ಕ್ರೈಸ್ತ ಸಿದ್ಧಾಂತದ ಖಂಡನೆಗಿಂತ ಹೆಚ್ಚು ಉಪಯುಕ್ತ.

ಉಳಿಯುವುದು ಸಾಯುವ ಘಳಿಗೆಯ ಪ್ರಶ್ನೆ. ಕ್ರೈಸ್ತರು ಲೂಕನ ಸುವಾರ್ತೆಯ ಶಿಲುಬೆಗೇರಿದ ಕಳ್ಳನನ್ನು ಮುಂದಿಡುತ್ತಾರೆ. ಸಾಲ ತೀರಿಸಲು, ಕದ್ದದ್ದನ್ನು ಮರಳಿಸಲು ಅವನಿಗೆ ಹೊತ್ತಿರಲಿಲ್ಲ. ಇದ್ದುದು ಒಂದು ಮಾತಿನಷ್ಟು ಉಸಿರು. ಅಂದೇ ಅವನಿಗೆ ಸ್ವರ್ಗದ ವಾಗ್ದಾನವಾಯಿತು. ಜೈನರಲ್ಲಿಯೂ ಕಳ್ಳರ ಕಥೆಗಳಿವೆ. ನಿಶ್ಶಂಕೆಯಿಂದ ಪಂಚನಮಸ್ಕಾರವನ್ನು ನಂಬಿ ಹಗ್ಗ ಕೊಯ್ದ ಅಂಜನಚೋರ ಸಮ್ಯಕ್ತ್ವದ ಮೊದಲ ಅಂಗಕ್ಕೆ ದೃಷ್ಟಾಂತ. ‘ವಡ್ಡಾರಾಧನೆ’ಯ ಹತ್ತೊಂಬತ್ತು ಕಥೆಗಳಲ್ಲಿ ಒಂದು ವಿದ್ಯುಚ್ಚೋರನದು. ಈ ಕಳ್ಳರಿಗೂ ಬಾಗಿಲು ತೆರೆದಿತ್ತು. ಆದರೆ ಬಾಗಿಲು ದಾಟಿದ ಮೇಲೆ ಅವರು ದೀಕ್ಷೆ ತೊಟ್ಟರು, ತಪಸ್ಸು ಮಾಡಿದರು. ವಿದ್ಯುಚ್ಚೋರ ಋಷಿ ಘೋರವಾದ ಉಪಸರ್ಗವನ್ನು ಮೈಮೇಲೆ ತಾಳಿಕೊಂಡನು. ಶಿಲುಬೆಯ ಕಳ್ಳನಿಗೆ ಆ ಕಾಲಾವಕಾಶವಿರಲಿಲ್ಲ. ಅವನಂಥವನು ಹಾಸಿಗೆಯ ಮೇಲೆ ಮಲಗಿ, ಇನ್ನು ಒಂದು ಗಂಟೆಯಿದೆ ಎನ್ನುವಾಗ ಜೈನ ನೆರೆಯವನ ಕೈ ಹಿಡಿದರೆ ಅವನ ಕಿವಿಯಲ್ಲಿ ಹೇಳಬೇಕಾದದ್ದು 84,000 ವರ್ಷಗಳ ಲೆಕ್ಕವನ್ನಲ್ಲ. ಕೊನೆಯ ಅಂತರ್ಮುಹೂರ್ತದ ಪರಿಣಾಮವೂ ಪರಿಣಾಮವೇ ಎಂದು ಶಾಸ್ತ್ರ ಒಪ್ಪುತ್ತದೆ. ಅಷ್ಟನ್ನು ಹೇಳಿ, ನಮಸ್ಕಾರ ಮಂತ್ರವನ್ನು ಮೆಲ್ಲಗೆ ಉಚ್ಚರಿಸುತ್ತ, ಅವನು ಯಾರಿಗೆ ಏನನ್ನು ಮರಳಿಸಬೇಕೆಂದು ಬಯಸುತ್ತಾನೋ ಆ ಹೆಸರುಗಳನ್ನು ಅವನ ಮಕ್ಕಳ ಮುಂದೆಯೇ ಕೇಳಿ ಬರೆದುಕೊಳ್ಳುವುದಕ್ಕೆ ಒಂದು ಗಂಟೆ ಸಾಕಾಗುತ್ತದೆ.